ಎಂಟನೇ ಮೈಲಿಯ ಫ್ಲೆಕ್ಸ್

ಫ್ಲೆಕ್ಸ್ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಕಡೆ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸಾವಿಗೂ ಫ್ಲೆಕ್ಸ್, ಶಬರಿಮಲೆಗೆ ಹೊರಟರೂ ಫ್ಲೆಕ್ಸ್. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುವ ಮೊದಲೇ ಫ್ಲೆಕ್ಸಿನ ಕಂಬಗಳು ಎದ್ದಿದ್ದವು. ಯಾವುದನ್ನು ನೋಡಿದರೂ ಅದೇ ಕಪ್ಪು ಕನ್ನಡಕ, ಅದೇ ಕಿವಿಗೆ ಹಿಡಿದ ಮೊಬೈಲು, ಅದೇ ಕೈ ಮುಗಿದ ನಗು. ಸತ್ತವರು ಯಾರು, ಶುಭ ಕೋರುವವರು ಯಾರು ಎಂದು ತಿಳಿಯಬೇಕಾದರೆ ಮೂಲೆಯಲ್ಲಿ ದೀಪದ ಚಿತ್ರ ಇದೆಯೇ ಎಂದು ಹುಡುಕಬೇಕು. ಆದರೂ ಎರಡು ಸಾವಿರದ ಹದಿಮೂರರ ಮೇ ತಿಂಗಳಲ್ಲಿ ಅದೇ ರಸ್ತೆಯ ಎಂಟನೇ ಮೈಲಿಯ ಹತ್ತಿರ ಸುಮಂಗಲಾಳ ಫ್ಲೆಕ್ಸ್ ಕಟ್ಟಿದಾಗ ನಾನೂ ಹೋಗಿ, ಕೆಳಗೆ ನಿಂತು, ಕತ್ತೆತ್ತಿ ನೋಡಿ ಬಂದೆ. ಸುಳ್ಳು ಯಾಕೆ ಹೇಳಲಿ, ತುಂಬ ಖುಷಿಯಾಗಿತ್ತು.

ಸುಮಂಗಲಾ ನಮ್ಮ ಕೊಟ್ಟಿಗೆಯ ಹುಡುಗಿ. ಕೊಟ್ಟಿಗೆ ಎಂದರೆ ನಿಜವಾದ ದನದ ಕೊಟ್ಟಿಗೆಯೇ. ನಾಗಸಂದ್ರದಿಂದ ಚಿಕ್ಕಬಾಣಾವರಕ್ಕೆ ಹೋಗುವ ದಾರಿಯಲ್ಲಿ ಮುನಿಯಣ್ಣನ ಮನೆಯ ಹಿಂದೆ ಅದು ಇದೆ. ಮುನಿಯಣ್ಣ ಇಲ್ಲಿನ ಹಳೇ ಒಕ್ಕಲು. ಹೊಲವೆಲ್ಲ ಕಾರ್ಖಾನೆಗೆ, ಲೇಔಟಿಗೆ ಹೋದ ಮೇಲೂ ಗಂಗಿ, ತುಂಗಿ ಎಂಬ ಎರಡು ಹಸು ಇಟ್ಟುಕೊಂಡಿದ್ದ. ಕೆರೆಯ ಹಿಂದಿನ ಹುಲ್ಲುಗಾವಲಿಗೂ ಕಾಂಪೌಂಡು ಬಂದಾಗ ಅವನ್ನೂ ಮಾರಿದ. ಖಾಲಿ ಬಿದ್ದ ಕೊಟ್ಟಿಗೆಯನ್ನು ಪದ್ಮಾವತಿ ಹೋಗಿ ಕೇಳಿದಳು. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇಥ್ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಅವಳು, ಎದುರಿನ ಕಟ್ಟಡದ ಜಲ್ಲಿ ರಾಶಿಯ ಮೇಲೆ ಕೂಲಿಯವರ ಮಕ್ಕಳು ಬಿಸಿಲಲ್ಲಿ ಅಳುವುದನ್ನು ನೋಡಲಾರದೆ ನಾಲ್ಕು ಕೂಸುಗಳನ್ನು ಎತ್ತಿಕೊಂಡು ಬಂದಿದ್ದಳು. ಎಲ್ಲರೂ ಅವಳನ್ನು ಪದ್ಮಕ್ಕ ಎನ್ನುತ್ತೇವೆ. ಹಿಂದಿನ ಬೀದಿಯವಳಾದ ನಾನು ಆಮೇಲೆ ಬಂದು ಸೇರಿಕೊಂಡೆ. ಹೆಸರು ಮಂಜುಶ್ರೀ, ಬಾಯಿ ಸ್ವಲ್ಪ ಜೋರು.

ಬೆಳಿಗ್ಗೆ ಕೂಸುಗಳು, ಮಧ್ಯಾಹ್ನದ ಮೇಲೆ ಶಾಲೆಯ ಮಕ್ಕಳು, ಸಂಜೆ ಮೀಸೆ ಚಿಗುರುತ್ತಿರುವ ಹುಡುಗರು, ಎರಡು ಜಡೆಯ ಹುಡುಗಿಯರು. ಅದೇ ಚಾಪೆ, ಅದೇ ಗೋಡೆ. ಒಂದು ಕಂಪನಿಯವರು ಬಂದು ಬಣ್ಣ ಹೊಡೆಸಿ, ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿನ ಬೋರ್ಡು ಹಾಕಿಸಿ, ಮಕ್ಕಳ ಜೊತೆ ಕೇಕು ತಿಂದು ಹೋದರು. ಬೋರ್ಡಿನ ಹೆಸರು ಇವತ್ತಿಗೂ ಯಾರಿಗೂ ಬಾಯಿಗೆ ಬಂದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಸಲು ಪದ್ಮಕ್ಕ ಒಂದು ಹಾಡು ಕಟ್ಟಿದ್ದಳು. ಮಾರಿದ ಹಸುಗಳನ್ನು ನೆನೆದು ಮುನಿಯಣ್ಣ ಕಣ್ಣೀರಿಟ್ಟ ದಿನ ಕಟ್ಟಿದ್ದು:

ಗಂಗಿ ಎಲ್ಲಿ, ತುಂಗಿ ಎಲ್ಲಿ?
ಕೆರೆಯ ಹಿಂದೆ ಹುಲ್ಲಿನಲ್ಲಿ.
ಸಂಜೆಗ್ಯಾಕೆ ಬಂದರು?
ಕೈಯ ತೊಳೆದು ಉಂಡರು.

'ಉಂಡರು' ಎನ್ನುವಾಗ ಮಕ್ಕಳು ಎರಡೂ ಅಂಗೈ ಮುಂದೆ ಚಾಚಬೇಕು, ಟೀಚರು ಚೊಂಬಿನಿಂದ ನೀರು ಹೊಯ್ಯಬೇಕು. ನಮ್ಮಲ್ಲಿ ಬೆಳೆದ ಯಾವ ಮಗುವನ್ನಾದರೂ ಈ ಹಾಡಿನಿಂದ ಗುರುತಿಸಬಹುದು.

ಬೆಳೆದ ಎಂದು ಬರೆದೆ, ಆದರೆ ನಮ್ಮಲ್ಲಿ ಮಕ್ಕಳು ಬೆಳೆಯುತ್ತಲೇ ಇರಲಿಲ್ಲ. ಅಕ್ಷರ ಕೂಡಿಸುವಷ್ಟಕ್ಕೆ ಬಂದಿರುತ್ತಿದ್ದರು, ಅಷ್ಟರಲ್ಲಿ ಅವರ ಅಪ್ಪ ಅಮ್ಮ ಕಟ್ಟುತ್ತಿದ್ದ ಕಟ್ಟಡ ಮುಗಿಯುತ್ತಿತ್ತು. ಎದುರಿನ ಗೋಡೆಗೆ ಬಣ್ಣ ಬಳಿಯಲು ಶುರು ಮಾಡಿದರೆಂದರೆ ಪದ್ಮಕ್ಕ ದಿನ ಎಣಿಸತೊಡಗುತ್ತಿದ್ದಳು. ಮೇಸ್ತ್ರಿ ಹೇಳಿದ ಕಡೆ ಗಂಟುಮೂಟೆ ಕಟ್ಟಿಕೊಂಡು ಹೊರಡುವವರು, ವೈಟ್‌ಫೀಲ್ಡೋ, ಎಲೆಕ್ಟ್ರಾನಿಕ್ ಸಿಟಿಯೋ ಅವರಿಗೇ ತಿಳಿದಿರುತ್ತಿರಲಿಲ್ಲ. ಹೊಸ ಪಾಯ ತೋಡಿದ ಕಡೆಯಿಂದ ಹೊಸ ಮಕ್ಕಳು ಬರುತ್ತಿದ್ದವು, ಮತ್ತೆ ಅ ಆ ಇ ಈ. ಒಂದೇ ಒಂದು ಮಗುವನ್ನಾದರೂ ಚಾಪೆಯಿಂದ ಹಿಡಿದು ಅದರ ಕಾಲ ಮೇಲೆ ಅದು ನಿಲ್ಲುವ ತನಕ ಕಣ್ಣಾರೆ ನೋಡಬೇಕು ಎನ್ನುವುದು ಪದ್ಮಕ್ಕನಿಗೆ ಹಟವಾಗಿಬಿಟ್ಟಿತ್ತು. ಅವಳಿಗೆ ಸ್ವಂತ ಮಕ್ಕಳಿಲ್ಲ. ಅದಕ್ಕೇ ಈ ಹಟ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು, ಅವರ ಬಾಯಿಗೆ ಬೀಗ ಹಾಕುವವರು ಯಾರು.

ಹಾಗೆ ಉಳಿದುಕೊಂಡವಳು ಸುಮಂಗಲಾ ಒಬ್ಬಳೇ. ಅವಳ ತಾಯಿ ಬಸಕ್ಕ ಬಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಗಂಡ ಸಾರುವೆಯಿಂದ ಬಿದ್ದು ಸತ್ತ ಮೇಲೆ ಊರಿಗೆ ಹೋಗಲಿಲ್ಲ. ಹೋಗದಿರಲು ಕಾರಣವಿತ್ತು. ಬಸಕ್ಕನನ್ನು ಎಳೆಯ ವಯಸ್ಸಿನಲ್ಲೇ ಅವಳ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದ್ದರು. ಸುಮಂಗಲಾ ತೊಟ್ಟಿಲಲ್ಲಿರುವಾಗಲೇ ಅವಳನ್ನು ಬಸಕ್ಕನ ತಮ್ಮ ರೇವಣಸಿದ್ದನಿಗೆ ಎಂದು ಹಿರಿಯರು ಮಾತು ಹಾಕಿದ್ದರು. ತನ್ನ ಪಾಡು ಮಗಳಿಗೆ ಬೇಡ ಎಂದು ಬಸಕ್ಕ ಊರಿನ ಮೇಸ್ತ್ರಿಯ ಗುಂಪು ಬಿಟ್ಟು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದು, ಮುನಿಯಣ್ಣನ ಬಾಡಿಗೆ ರೂಮುಗಳಲ್ಲೇ ಒಂದರಲ್ಲಿ ನೆಲೆಯಾದಳು. ಮಗಳನ್ನು ಮೊದಲ ಸಲ ಕೊಟ್ಟಿಗೆಗೆ ಬಿಟ್ಟ ದಿನವೇ ಪದ್ಮಕ್ಕನಿಗೆ ಇದನ್ನೆಲ್ಲ ಹೇಳಿ, ತಾವಿರುವ ಜಾಗ ಊರಿನವರ ಕಿವಿಗೆ ಬೀಳಬಾರದು ಎಂದು ಕೈ ಹಿಡಿದುಕೊಂಡಿದ್ದಳು. ಅವತ್ತಿನಿಂದ ಒಂದು ಫೋನಿಲ್ಲ, ಒಂದು ಹಬ್ಬಕ್ಕೆ ಹೋಗಿದ್ದಿಲ್ಲ. ಊರಿನ ಸುದ್ದಿ ಕೇಳಬೇಕಾದರೆ ತನ್ನ ಸುದ್ದಿ ಕೊಡಬೇಕಲ್ಲ, ಹಾಗಾಗಿ ಯಾರನ್ನೂ ಏನೂ ಕೇಳಲಿಲ್ಲ.

ಹುಡುಗಿ ನಮ್ಮ ಕಣ್ಣೆದುರೇ ಉದ್ದವಾದಳು. ಹೈಸ್ಕೂಲಿಗೆ ಬಂದ ಮೇಲೆ ಕೊಟ್ಟಿಗೆಯ ಬೀಗದ ಕೀಲಿ ಅವಳ ಕೈಗೇ ಹೋಯಿತು. ಬೆಳಿಗ್ಗೆ ಬಂದು ಬಾಗಿಲು ತೆಗೆದು, ಕೂಸುಗಳ ಚಾಪೆ ಹಾಸಿ, ಆಮೇಲೆ ಶಾಲೆಗೆ, ಮುಂದೆ ಕಾಲೇಜಿಗೆ ಹೋಗುತ್ತಿದ್ದಳು. ಮಗುವಿಗೆ ಜ್ವರ ಬಂದರೆ ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ನರ್ಸ್ ಆಗುತ್ತೇನೆ ಎಂದು ಅವಳು ಹೇಳಿದಾಗ ನಾವು ಯಾರೂ ಆಶ್ಚರ್ಯಪಡಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂತು. ಪದ್ಮಕ್ಕ ಓಡಾಡಿ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಸೀಟು ಹಿಡಿದಳು, ಹಾಸ್ಟೆಲು ಸಮೇತ. ಜೂನ್ ಮೊದಲ ಸೋಮವಾರ ಹೋಗಿ ಸೇರುವುದಷ್ಟೇ ಬಾಕಿ. ಹುಡುಗಿ ಬಿಳಿ ಬೂಟು ಕೊಂಡು ತಂದು ಕೂಸುಗಳ ಎದುರು ಹಾಕಿಕೊಂಡು ನಡೆದು ತೋರಿಸಿದಳು.

ಫ್ಲೆಕ್ಸ್ ಮುನಿರಾಜುವಿನ ಕಾಣಿಕೆ. ಮುನಿರಾಜು ಮುನಿಯಣ್ಣನ ಮಗ. ರೂಮುಗಳ ಬಾಡಿಗೆ ವಸೂಲಿ, ಮಿಕ್ಕ ಹೊತ್ತು ಸಮಾಜಸೇವೆ, ಮುಂದಿನ ಸಲ ಕಾರ್ಪೊರೇಟರ್ ಆಗುವ ಆಸೆ. ಅವನ ಸ್ವಂತ ಮಗ ಸಿದ್ಧಾರ್ಥ್ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ, ಕೊಟ್ಟಿಗೆಯ ಕಡೆ ತಲೆ ಹಾಕುವುದಿಲ್ಲ. ಹಾಗಂತ ಮುನಿರಾಜು ಕೆಟ್ಟವನಲ್ಲ. ಫಲಿತಾಂಶ ಬಂದ ದಿನ ಪದ್ಮಕ್ಕನ ಬಳಿ ಬಂದು ಹುಡುಗಿಯ ಒಂದು ಒಳ್ಳೆ ಫೋಟೊ ಕೇಳಿದ. ಪದ್ಮಕ್ಕ ಖುಷಿಯಲ್ಲಿ ಕೊಟ್ಟಳು. ಬಸಕ್ಕ ಕೈ ಹಿಡಿದುಕೊಂಡು ಹೇಳಿದ್ದ ಮಾತು ಅವಳಿಗೆ ಆ ಹೊತ್ತಿನಲ್ಲಿ ನೆನಪೇ ಆಗಲಿಲ್ಲ. ಅಷ್ಟು ವರ್ಷ ಏನೂ ಆಗದೆ ಕಳೆದರೆ ಹೆದರಿಕೆ ಮಕ್ಕಳನ್ನು ಬೆಳೆಸುವವರಿಗೂ ಮರೆತುಹೋಗುತ್ತದೆ. ಹೆದರಿಕೊಂಡೇ ಬದುಕಿದವರಿಗೆ ಮಾತ್ರ ಮರೆಯುವುದಿಲ್ಲ.

'ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಪಡೆದ ನಮ್ಮ ಏರಿಯಾದ ಹೆಮ್ಮೆಯ ಪುತ್ರಿ ಕುಮಾರಿ ಸುಮಂಗಲಾ ಅವರಿಗೆ ಹಾರ್ದಿಕ ಅಭಿನಂದನೆಗಳು' ಎಂದು ಫ್ಲೆಕ್ಸಿನಲ್ಲಿತ್ತು. ಹುಡುಗಿಯ ಮುಖ ಒಂದು ಬಾಗಿಲಿನಷ್ಟು ದೊಡ್ಡದು, ಪಕ್ಕದಲ್ಲಿ ಮುನಿರಾಜುವಿನದು ಅದಕ್ಕಿಂತ ಒಂದು ಕೈ ಜಾಸ್ತಿ. ಮೇಲುಸೇತುವೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಊರುಗಳಿಂದ ಬರುವ ಬಸ್ಸುಗಳು ನಿಲ್ಲುವ ಕಡೆಗೇ ಮುಖ ಮಾಡಿ ಕಟ್ಟಿಸಿದ್ದ. ಆ ಜಾಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವನೇ ಹೇಳಿಕೊಂಡ. ನಮಗೆ ಅದು ತುಮಕೂರು ರಸ್ತೆ ಅಷ್ಟೆ. ಬಸಕ್ಕನಿಗೆ ಅದು ಊರಿನ ಬಾಗಿಲು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಫ್ಲೆಕ್ಸ್ ಕಟ್ಟಿ ವಾರದ ಮೇಲಾಗಿತ್ತು. ಬಸಕ್ಕ ಕಾರ್ಖಾನೆಗೆ ಬೇರೆ ದಾರಿಯಲ್ಲಿ ಹೋಗುವವಳು, ಮಗಳು ನಾಚಿಕೊಂಡು ಹೇಳಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಜೊತೆಯ ಹೆಂಗಸೊಬ್ಬಳು ನಿನ್ನ ಮಗಳು ಎಂಟನೇ ಮೈಲಿಯಲ್ಲಿ ಸಿನಿಮಾದವರ ಹಾಗೆ ನಿಂತಿದ್ದಾಳೆ ಎಂದಳಂತೆ. ಬಸಕ್ಕ ಕೆಲಸದ ನಡುವೆಯೇ ಹೋಗಿ ನೋಡಿ, ಅಲ್ಲಿಂದ ನೇರವಾಗಿ ಕೊಟ್ಟಿಗೆಗೆ ಬಂದಳು. ಬೆವರಿನಿಂದ ಸೀರೆ ಮೈಗೆ ಅಂಟಿತ್ತು. ಸುಮಂಗಲಾ ಮೂಲೆಯಲ್ಲಿ ಒಂದು ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು.

"ಟೀಚರ್, ನಮ್ಮೂರ ಬಸ್ಸೆಲ್ಲಾ ಅದ ದಾರೀಲೆ ಬರತಾವ್ರಿ," ಎಂದಳು ಬಸಕ್ಕ. "ನಮ್ಮ ಮಂದಿ ಎಲ್ಲಾ ಅಲ್ಲೇ ಇಳಿತಾರ್ರಿ."

ಪದ್ಮಕ್ಕನಿಗೆ ಆಗ ನೆನಪಾಯಿತು. ಆಮೇಲೆ ನಾವಿಬ್ಬರೂ ಬಸಕ್ಕನನ್ನು ಕೂರಿಸಿಕೊಂಡು ಹೇಳಿದ್ದೇ ಹೇಳಿದ್ದು. ಹುಡುಗಿಗೆ ಹದಿನೆಂಟು ತುಂಬಿದೆ, ಯಾರೂ ಎಳೆದುಕೊಂಡು ಹೋಗಲಾರರು, ಪೊಲೀಸರಿದ್ದಾರೆ, ಸೋಮವಾರದಿಂದ ಹಾಸ್ಟೆಲಿನಲ್ಲೇ ಇರುತ್ತಾಳೆ, ಅಲ್ಲಿಯವರೆಗೆ ಪದ್ಮಕ್ಕನ ಮನೆಯಲ್ಲಿರಲಿ. ಮುನಿಯಣ್ಣನೂ ಕೋಲೂರಿಕೊಂಡು ಬಂದು, ನನ್ನ ಹಟ್ಟಿಗೆ ಯಾವನು ಬರ್ತಾನೋ ನೋಡೇಬಿಡ್ತೀನಿ, ನೀನು ಅಂಗೆಲ್ಲ ಎದರ್ಬೇಡ ಕಣವ್ವ ಎಂದ. ಬಸಕ್ಕ ಎಲ್ಲದಕ್ಕೂ ತಲೆ ಆಡಿಸಿದಳು. ಅವಳು ಒಪ್ಪಿದಳು ಎಂದುಕೊಂಡೆವು. ಮುನಿರಾಜು ಆ ಸಂಜೆಯೇ ಹುಡುಗರನ್ನು ಕಳಿಸಿ ಫ್ಲೆಕ್ಸ್ ಬಿಚ್ಚಿಸಿದ. ಬಿಚ್ಚಿಸಿದ್ದೇವೆ ಎಂದು ಹೇಳಲು ನಾನೇ ಅವರ ರೂಮಿಗೆ ಹೋದೆ.

"ಕಂಬದ ಮ್ಯಾಲಿಂದ ಬಿಚ್ಚೀರಿ," ಎಂದಳು ಬಸಕ್ಕ. "ನೋಡಿದವರ ಕಣ್ಣಾಗಿಂದ ಹೆಂಗ ಬಿಚ್ಚತೀರಿ?"

ಸುಮಂಗಲಾ ಹೊಸ್ತಿಲ ಬಳಿ ಬೂಟನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದಳು. ನಾಳೆ ಬೆಳಿಗ್ಗೆ ಪದ್ಮಕ್ಕನ ಮನೆಗೆ ಬಂದುಬಿಡು ಎಂದೆ. ಅಮ್ಮನ ಮುಖ ನೋಡಿದಳು. "ಅಮ್ಮ ಒಬ್ಬಳೇ ಆಗ್ತಾಳೆ ಮಿಸ್," ಎಂದಳು. ಬಾ ಎಂದು ಮತ್ತೆ ಹೇಳಿದೆ, ಹೂಂ ಎಂದಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಬೀಗ ಹಾಕಿಯೇ ಇತ್ತು. ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಕೆಲಸಕ್ಕೆ ಹೊತ್ತಾಯಿತೆಂದು ಗೊಣಗುತ್ತ ನಿಂತಿದ್ದರು. ಕೀಲಿ ಮುನಿಯಣ್ಣನ ಕಿಟಕಿಯ ಸರಳಿಗೆ ನೇತುಹಾಕಿತ್ತು. ರೂಮಿನ ಬಾಗಿಲು ತೆರೆದೇ ಇತ್ತು, ಒಳಗೆ ಗುಡಿಸಿ ಸಾರಿಸಿಟ್ಟಿದ್ದರು. ಹುಡುಗಿಯ ಫೋನ್ ಸ್ವಿಚ್ ಆಫ್. ಬಿಳಿ ಬೂಟಿನ ಡಬ್ಬಿಯನ್ನೂ ಅವಳು ಒಯ್ದಿದ್ದಳು. ಅದು ಅಲ್ಲಿ ಇಲ್ಲದ್ದನ್ನು ಕಂಡು ಪದ್ಮಕ್ಕ, ಬೂಟು ಒಯ್ದಿದ್ದಾಳೆಂದರೆ ವಾಪಸು ಬರುತ್ತಾಳೆ ಎಂದು ದಿನವಿಡೀ ಅದನ್ನೇ ಹೇಳಿದಳು. ನನಗೆ ಕೋಪ ಬಂದಿತ್ತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಸೋಮವಾರ ಬಂತು, ಹೋಯಿತು. ಪದ್ಮಕ್ಕ ನರ್ಸಿಂಗ್ ಶಾಲೆಗೆ ಹೋಗಿ, ಹುಡುಗಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ, ಪ್ರಿನ್ಸಿಪಾಲರ ಬಳಿ ಸ್ವಲ್ಪ ದಿನದ ಅವಕಾಶ ಬೇಡಿಕೊಂಡು ಬಂದಳು. ಹೆಚ್ಚು ದಿನ ಕಾಯಲಾಗುವುದಿಲ್ಲ, ಸಾಲಿನಲ್ಲಿ ಬೇರೆಯವರಿದ್ದಾರೆ ಎಂದರಂತೆ.

ಆ ವಾರದ ಕೊನೆಗೆ ರೇವಣಸಿದ್ದ ಬಂದ.

ಮಧ್ಯಾಹ್ನ ಊಟದ ಹೊತ್ತು. ಬಾಗಿಲಲ್ಲಿ ಬಿಳಿ ಅಂಗಿಯ, ಮೂವತ್ತರ ಆಸುಪಾಸಿನ ಗಂಡಸು ನಿಂತಿದ್ದ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ತಾನು ಬಸಕ್ಕನ ತಮ್ಮ ಎಂದು ಅವನು ಹೇಳಿದ್ದೇ ತಡ, ಪದ್ಮಕ್ಕ ಎರಡೂ ಕೈ ಬಾಗಿಲಿಗೆ ಅಡ್ಡ ಕೊಟ್ಟು ನಿಂತಳು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಇನ್ನೊಂದು ಹೆಜ್ಜೆ ಒಳಗಿಟ್ಟರೆ ಪೊಲೀಸರನ್ನು ಕರೆಸುತ್ತೇನೆ, ಎಳೇ ಹುಡುಗಿಯ ಬೆನ್ನು ಹತ್ತಲು ನಾಚಿಕೆಯಾಗುವುದಿಲ್ಲವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂಸುಗಳು ಅಳತೊಡಗಿದವು. ಅವನು ಎಲ್ಲ ಕೇಳಿಸಿಕೊಂಡು, ಕೊನೆಗೆ ಅಂಗಳದ ಕಲ್ಲಿನ ಮೇಲೆ ಕುಳಿತು ಗಂಟು ಬಿಚ್ಚಿದ. ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಇಳಕಲ್ ಸೀರೆ, ಕುಪ್ಪಸದ ಖಣ ಇದ್ದವು.

"ನನಗ ಮದಿವಿ ಆಗಿ ಭಾಳ ವರ್ಷ ಆತ್ರಿ," ಎಂದ. "ಮಗಳು ಎರಡನೇತ್ತೆ ಓದತಾಳ. ಸುಮಿ ಫಸ್ಟ್ ಕ್ಲಾಸ್ ಬಂದಾಳಂತ ಬಸ್ಸಿನ್ಯಾಗಿಂದ ನೋಡಿದ್ನಿ, ಮಾರಿ ಥೇಟ್ ನಮ್ಮಕ್ಕಂದ ಐತ್ರಿ. ಉಡಿ ತುಂಬೂಣಂತ ಬಂದೀನ್ರಿ."

ಪದ್ಮಕ್ಕನ ಕೈಗಳು ತಾವಾಗಿ ಕೆಳಗೆ ಬಿದ್ದವು. ಬಸ್ಸಿನಿಂದ ಫ್ಲೆಕ್ಸ್ ನೋಡಿದವನು ಕೆಲಸ ಮುಗಿಸಿ ಊರಿಗೆ ವಾಪಸು ಹೋಗಿ, ಹೆಂಡತಿಯ ಕೈಲಿ ರೊಟ್ಟಿ ಮಾಡಿಸಿಕೊಂಡು ಬಂದಿದ್ದ. ಫ್ಲೆಕ್ಸಿನಲ್ಲಿ ಓದಿದ್ದ ಮುನಿರಾಜುವಿನ ಹೆಸರು ಹಿಡಿದು ಮನೆ ಹುಡುಕಿದ್ದ. ತೊಟ್ಟಿಲಲ್ಲಿ ಆಡಿದ ಮಾತನ್ನು ಅವನ ಅಪ್ಪ ಅಮ್ಮನೇ ಮುರಿದು, ಸಿಗದ ಹುಡುಗಿಗೆ ಎಷ್ಟು ಕಾಯುವುದೆಂದು ಪಕ್ಕದ ಊರಿನ ಸಂಬಂಧ ತಂದಿದ್ದರು. ತನಗೂ ಆಗ ಮೀಸೆ ಬಂದಿರಲಿಲ್ಲ, ಆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ್ದೇ ನೆನಪು ಎಂದ. ಅಕ್ಕ ಯಾಕೆ ಊರಿಗೆ ಬರಲಿಲ್ಲ ಎಂಬುದು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಗಂಡ ಸತ್ತ ದುಃಖಕ್ಕೆ ಎಲ್ಲರ ಮೇಲೆ ಮುನಿಸಿಕೊಂಡಿದ್ದಾಳೆ ಎಂದುಕೊಂಡಿದ್ದರಂತೆ. ನಿನಗೇ ಹೆದರಿ ಓಡಿದಳು ಎಂದು ನಾನು ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ಅವನು ರೊಟ್ಟಿಯ ಗಂಟನ್ನು ಮತ್ತೆ ಕಟ್ಟಲು ನೋಡಿದ, ಕಟ್ಟಲು ಬರಲಿಲ್ಲ. ಹಾಗೇ ಬಿಟ್ಟು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ. ತನ್ನ ಮಗಳನ್ನೂ ಇದೇ ಟೀಚರ ಕೈಗೆ ಹಾಕಬೇಕು, ಅಕ್ಕನ ಹತ್ತಿರ ಬಿಟ್ಟು ಓದಿಸಬೇಕು ಎಂಬ ಆಸೆಯೂ ಅವನಿಗಿತ್ತು. ಅದನ್ನು ಹೊರಡುವಾಗ ಸಂಕೋಚದಿಂದ ಹೇಳಿದ.

ಅವತ್ತಿನಿಂದ ಹುಡುಕುವುದು ಶುರುವಾಯಿತು. ಹುಡುಗಿಯ ಫೋನ್ ಆಮೇಲೆ ಹತ್ತಲೇ ಇಲ್ಲ. ಪೊಲೀಸ್ ಠಾಣೆಗೆ ಹೋದರೆ, ಬೆಳೆದ ಹುಡುಗಿ ಹೆತ್ತ ತಾಯಿಯ ಜೊತೆ ಹೋಗಿದ್ದಾಳೆ, ಇದರಲ್ಲಿ ಕೇಸು ಏನಿದೆ ಮೇಡಂ ಎಂದು ನಕ್ಕರು. ಮುನಿರಾಜು ಮಾತ್ರ ಮೈ ಮುರಿದು ಓಡಾಡಿದ. ಅವನ ಬಾಯಿಂದ ನಗು ಹೊರಟುಹೋಗಿತ್ತು. ದಿನಾ ಬೈಕು ಹತ್ತಿ ಒಂದು ದಿನ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ದಿನ ವೈಟ್‌ಫೀಲ್ಡ್ ಎಂದು ಕೂಲಿಯವರ ಶೆಡ್ಡುಗಳಿರುವ ಕಡೆಯೆಲ್ಲ ಹೋಗಿ ವಾಚ್‌ಮನ್‌ಗಳನ್ನು, ಮೇಸ್ತ್ರಿಗಳನ್ನು ವಿಚಾರಿಸಿ ಬಂದ. ಪಟ್ಟಂದೂರು ಅಗ್ರಹಾರದ ಹತ್ತಿರ ಹೊಸದಾಗಿ ಏಳುತ್ತಿದ್ದ ಕಟ್ಟಡದಲ್ಲಿ ಬಿಜಾಪುರದ ಕಡೆಯ ತಾಯಿ ಮಗಳು ಇದ್ದಾರೇನೋ ಎಂದು ಒಬ್ಬ ವಾಚ್‌ಮನ್ ಅಂದನಂತೆ. ಖಚಿತವಾಗಿ ಏನೂ ಹೇಳಲಿಲ್ಲ, ಹೊರಗಿನವನೆಂದು ಮುನಿರಾಜುವನ್ನು ಒಳಗೂ ಬಿಡಲಿಲ್ಲ.

"ಅಕ್ಕ, ಫ್ಲೆಕ್ಸ್ ಹಾಕೋಣ," ಎಂದ ಮುನಿರಾಜು.

ನನಗೆ ಮೈಯೆಲ್ಲ ಉರಿಯಿತು. ಒಂದು ಫ್ಲೆಕ್ಸ್ ಮಾಡಿದ್ದು ಸಾಲದೇ ಎಂದೆ. ಆದರೆ ಪದ್ಮಕ್ಕ ಯೋಚಿಸಿ, ಅವನು ಹೇಳುವುದು ಸರಿ ಎಂದಳು. ಬೇರೆ ಯಾವ ದಾರಿಯಿತ್ತು? ರೇವಣಸಿದ್ದನ ಫೋಟೊ ಹಾಕಿದರೆ ದೂರದಿಂದ ತಮ್ಮನ ಮುಖ ಕಂಡ ಕೂಡಲೇ ಬಸಕ್ಕ ಓಡುತ್ತಾಳೆ, ಅವಳಿಗೆ ಓದಲು ಬಾರದು. ಸುಮಂಗಲಾಳ ಫೋಟೊ ಹಾಕಿದರೆ ಮತ್ತೆ ಅದೇ ಕಥೆ. ಹಾಗಾಗಿ ಬರೀ ಅಕ್ಷರ, ಓದಲು ಬರುವವಳು ಓದಲಿ ಎಂದು. ಪದ್ಮಕ್ಕನೇ ಬರೆದುಕೊಟ್ಟಳು: 'ಸುಮಂಗಲಾ, ನಿನ್ನ ಮಾವನಿಗೆ ಮದುವೆಯಾಗಿ ಮಗಳಿದ್ದಾಳೆ. ನಿನಗೆ ಉಡಿ ತುಂಬಲು ಬಂದಿದ್ದ. ಹೆದರಬೇಡ, ಅಮ್ಮನನ್ನು ಕರೆದುಕೊಂಡು ಕೊಟ್ಟಿಗೆಗೆ ಬಾ. ಪದ್ಮಾ ಟೀಚರ್.' ಮುಖವಿಲ್ಲದ ಫ್ಲೆಕ್ಸನ್ನು ಮುನಿರಾಜು ಜೀವಮಾನದಲ್ಲಿ ಮೊದಲ ಸಲ ಮಾಡಿಸಿದ. ತನ್ನ ಹೆಸರನ್ನೂ ಹಾಕಿಕೊಳ್ಳಲಿಲ್ಲ. ಎಂಟನೇ ಮೈಲಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪಟ್ಟಂದೂರು ಅಗ್ರಹಾರದಲ್ಲಿ ಕಟ್ಟಿಸಿದೆವು.

ಯಾರೂ ಬರಲಿಲ್ಲ. ನರ್ಸಿಂಗ್ ಶಾಲೆಯವರು ಸೀಟನ್ನು ಬೇರೆ ಹುಡುಗಿಗೆ ಕೊಟ್ಟೆವೆಂದು ಫೋನ್ ಮಾಡಿದರು. ಪದ್ಮಕ್ಕ ಸರಿ ಮೇಡಂ, ಥ್ಯಾಂಕ್ಸ್ ಮೇಡಂ ಎಂದು ಮರ್ಯಾದೆಯಿಂದ ಮಾತಾಡಿ, ಹೋಗಿ ಕೂಸುಗಳ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ಮುಂದಿನ ವರ್ಷ ಮತ್ತೆ ಸೇರಿಸಬಹುದು, ಹುಡುಗಿ ಸಿಕ್ಕರೆ ಸಾಕು ಎಂದು ನಾನು ಸಮಾಧಾನ ಹೇಳಿದೆ. ಶ್ರಾವಣ ಹತ್ತಿರ ಬಂದಾಗ ಅವಳೇ ಎದ್ದು, ಪಟ್ಟಂದೂರು ಅಗ್ರಹಾರಕ್ಕೆ ನಾವೇ ಒಮ್ಮೆ ಹೋಗಿ ನೋಡೋಣ ಎಂದಳು.

ಎರಡು ಬಸ್ಸು ಬದಲಿಸಿ ಹೋದೆವು. ಗಾಜಿನ ಕಟ್ಟಡಗಳ ಬೆನ್ನಿಗೆ ಕೆಸರಿನ ದಾರಿ, ದಾರಿಯ ತುದಿಗೆ ಕೂಲಿಯವರ ಶೆಡ್ಡುಗಳು. ಫ್ಲೆಕ್ಸ್ ಕಟ್ಟಿಸಿದ್ದ ಕಂಬದಲ್ಲಿ ಹಗ್ಗದ ತುಂಡು ಮಾತ್ರ ಉಳಿದಿತ್ತು. ಫ್ಲೆಕ್ಸ್ ಹುಡುಕುವ ಕಷ್ಟವೇನೂ ಆಗಲಿಲ್ಲ. ಮೂರನೆಯ ಶೆಡ್ಡಿನ ಮೇಲೆ ಅದು ಮಳೆಗೆ ಹೊದಿಕೆಯಾಗಿ ಬಿದ್ದಿತ್ತು, ಅಕ್ಷರಗಳು ಒಳಮುಖವಾಗಿ. ಬಾಗಿ ಒಳಗೆ ನೋಡಿದರೆ 'ಹೆದರಬೇಡ' ಎಂಬುದು ತಲೆಕೆಳಗಾಗಿ ಕಾಣುತ್ತಿತ್ತು.

ರಾಯಚೂರಿನ ಕಡೆಯ ಹೆಂಗಸೊಬ್ಬಳು ಗಾಬರಿಯಿಂದ ಹೊರಗೆ ಬಂದಳು. ಗಾಳಿಗೆ ಹರಿದು ಬಿದ್ದದ್ದನ್ನು ತಂದಿದ್ದು, ತಾವು ಕಿತ್ತದ್ದಲ್ಲ ಎಂದು ನಾವು ಕೇಳುವ ಮೊದಲೇ ಹೇಳಿದಳು. ಇರಲಿ ಬಿಡಮ್ಮ ಎಂದಳು ಪದ್ಮಕ್ಕ. ಹೆಂಗಸು ಸಮಾಧಾನಗೊಂಡು, ಮಗುವಿಗೆ ಊಟದ ಹೊತ್ತೆಂದು ತಟ್ಟೆ ತಂದಿಟ್ಟಳು. ಮೂರು ವರ್ಷದ ಹೆಣ್ಣುಮಗು. ತಟ್ಟೆ ಕಂಡದ್ದೇ ನೆಟ್ಟಗೆ ಕುಳಿತು ಚಪ್ಪಾಳೆ ತಟ್ಟಿ ಹಾಡತೊಡಗಿತು.

"ಗಂಗಿ ಎಲ್ಲಿ, ತುಂಗಿ ಎಲ್ಲಿ..."

ಮಗು ಪೂರ್ತಿ ಹಾಡಿ 'ಉಂಡರು' ಎಂದು ಎರಡೂ ಅಂಗೈ ಚಾಚಿ, ನೀರಿಗೆ ಕಾಯುತ್ತ ನಮ್ಮ ಮುಖ ನೋಡಿತು. ಪದ್ಮಕ್ಕ ಬಾಗಿಲ ಬಳಿಯ ಬಕೆಟ್ಟಿನಿಂದ ಮಗ್ಗು ತೆಗೆದುಕೊಂಡು ಆ ಕೈಗಳಿಗೆ ನೀರು ಹೊಯ್ದಳು.

ಹಾಡು ಕಲಿಸಿದವಳು ಪಕ್ಕದ ಶೆಡ್ಡಿನ ಹುಡುಗಿಯಂತೆ. ತಾಯಿ ಮಗಳು ಇಬ್ಬರೂ ಹಗಲೆಲ್ಲ ಸಿಮೆಂಟಿನ ಬಾಂಡ್ಲಿ ಹೊರುತ್ತಿದ್ದರಂತೆ, ಸಂಜೆ ಬಂದ ಮೇಲೆ ಹುಡುಗಿ ಶೆಡ್ಡಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕೈ ತೊಳೆಸಿ ಅಕ್ಷರ ಹೇಳಿಕೊಡುತ್ತಿದ್ದಳಂತೆ. ಯಾರ ಮಗುವಿಗೆ ಜ್ವರ ಬಂದರೂ ಅವಳನ್ನೇ ಕರೆಯುತ್ತಿದ್ದರಂತೆ. ಈಗೆಲ್ಲಿ ಎಂದು ಪದ್ಮಕ್ಕ ಕೇಳಿದಳು.

"ಹ್ವಾದರ್ರಿ ಅಕ್ಕಾ," ಎಂದಳು ಹೆಂಗಸು. "ಯಾರೋ ಗಾಡಿ ಮ್ಯಾಲ ಬಂದು, ಅವರವ್ವನ ಹೆಸರು ಹಿಡದು ವಾಚ್‌ಮನ್‌ಗ ಕೇಳಿದ್ರಂತ. ಅವತ್ತ ಗಂಟು ಕಟ್ಟಿದ್ರು. ಹುಡುಗಿ ಭಾಳ ಅತ್ತಳ್ರಿ."

ಅಂದರೆ ಮುನಿರಾಜು ವಿಚಾರಿಸಿ ಬಂದ ದಿನವೇ. ಫ್ಲೆಕ್ಸ್ ಕಟ್ಟುವ ಹೊತ್ತಿಗೆ ಅದನ್ನು ಓದಬೇಕಾದವಳು ಅಲ್ಲಿ ಇರಲೇ ಇಲ್ಲ. ಎಲ್ಲಿಗೆ ಹೋದರೆಂದು ಶೆಡ್ಡುಗಳ ಸಾಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೈದರಾಬಾದಿಗೆ ಎಂದು ಒಬ್ಬರು, ಪುಣೆಗೆ ಎಂದು ಇನ್ನೊಬ್ಬರು. ಮಗು ಊಟ ಮುಗಿಸಿ ಪದ್ಮಕ್ಕನ ಮಡಿಲಿಗೆ ಬಂದು ಕುಳಿತಿತ್ತು. ಅದನ್ನು ಇಳಿಸಿ ಎದ್ದು ಬರಲು ಅವಳಿಗೆ ತುಂಬ ಹೊತ್ತು ಬೇಕಾಯಿತು.

ವಾಪಸು ಬರುವ ಬಸ್ಸಿನಲ್ಲಿ ಪದ್ಮಕ್ಕ ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಗೊರಗುಂಟೆಪಾಳ್ಯ ದಾಟುವಾಗ ಮುನಿರಾಜು ತಾನಾಗಿ ಫೋನ್ ಮಾಡಿದ. ನಾಳೆ ಬೊಮ್ಮಸಂದ್ರದ ಕಡೆ ಹೋಗುತ್ತೇನೆ, ಅಲ್ಲೂ ಹೊಸ ಕಟ್ಟಡ ಎದ್ದಿದೆಯಂತೆ, ಇನ್ನೂ ನಾಲ್ಕು ಫ್ಲೆಕ್ಸ್‌ಗೆ ಆರ್ಡರ್ ಕೊಟ್ಟಿದ್ದೇನೆ ಎಂದು ಅವನು ಹೇಳುವುದು ನನಗೂ ಕೇಳಿಸುತ್ತಿತ್ತು. ಪದ್ಮಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ಬೇಡ ಮುನಿರಾಜು," ಎಂದೆ. "ಫ್ಲೆಕ್ಸ್ ಎಲ್ಲಾ ಬಿಚ್ಚಿಸ್ಬಿಡು. ಇನ್ಮೇಲೆ ಅವರನ್ನ ಯಾರೂ ಹುಡುಕೋದು ಬೇಡ."

ಯಾಕೆ ಎಂದು ಅವನು ಕೇಳಿದ. ಸಿಕ್ಕರಾ, ಏನಾದರೂ ಗೊತ್ತಾಯಿತಾ ಎಂದು ಮತ್ತೆ ಮತ್ತೆ ಕೇಳಿದ. ನಾವು ಹುಡುಕುವುದು ಬಿಟ್ಟರೆ ಆ ಹುಡುಗಿ ಒಂದೇ ಕಡೆ ನಾಲ್ಕು ದಿನ ಇರುತ್ತಾಳೆ ಎಂದು ಹೇಳಿ ಫೋನ್ ಇಟ್ಟೆ.